ವಿಶೇಷ ಶಿಕ್ಷಕರು ಬಂದರೆ ಮಾತಿನ ಥೆರಪಿಯೂ ಸಿಗುತ್ತದೆಯೇ?

ಶಾಲೆಗಳಿಗೆ ವಿಶೇಷ ಶಿಕ್ಷಕರ (ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕಲಿಸುವವರ) ಹುದ್ದೆ ಮಂಜೂರು ಮಾಡಿ, ನೇಮಕ ಶುರು ಮಾಡಿ ಎಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಗಡುವು ಕೊಟ್ಟದ್ದು 2025ರ ಮಾರ್ಚ್ 7ರಂದು. ಈ ನೇಮಕದ ಸುದ್ದಿ ಪೇಪರಿನಲ್ಲಿ ಕಂಡಾಗಲೆಲ್ಲ ಪಾಲಕರಿಗೆ ಒಂದು ಗೊಂದಲ ಹುಟ್ಟುವುದು ಸಹಜ. ಮಗ ಉಗ್ಗುತ್ತಾನೆ. ಮಗಳಿಗೆ ‘ರ’ ಹೇಳಲು ಬರುವುದಿಲ್ಲ. ಏಳು ವರ್ಷವಾದರೂ ಮಗು ಒಂದು ವಾಕ್ಯ ಪೂರ್ತಿ ಮಾಡುವುದಿಲ್ಲ. ಇಂಥ ಮಕ್ಕಳಿಗೆ ಇನ್ನು ಶಾಲೆಯಲ್ಲೇ ಸ್ಪೀಚ್ ಥೆರಪಿ ಸಿಗುತ್ತದಾ? ಮುಂಡರಗಿಯಿಂದಲೋ ಹಾನಗಲ್ಲಿನಿಂದಲೋ ಹುಬ್ಬಳ್ಳಿಗೆ ಅಲೆಯುವುದು ತಪ್ಪುತ್ತದಾ?

ಈ ಆದೇಶ ಒಂದರಿಂದಲೇ ಸಿಗುವುದಿಲ್ಲ. ವಿಶೇಷ ಶಿಕ್ಷಕರ ಕೆಲಸ ಬೇರೆ, ಸ್ಪೀಚ್ ಥೆರಪಿಸ್ಟರ ಕೆಲಸ ಬೇರೆ. ಆದೇಶ ಇರುವುದು ಮೊದಲನೆಯವರ ಬಗ್ಗೆ. ಶಾಲೆಗೆ ಹೋಗುವ ವಯಸ್ಸಿನ ಮಗುವಿನ ಮಾತು ಯಾವ ಇಲಾಖೆಯ ಹೊಣೆ ಎನ್ನುವುದು ತೀರ್ಮಾನವಾಗದೆ ಹುದ್ದೆಗಳನ್ನಷ್ಟೇ ತುಂಬಿದರೆ ಈ ಮಕ್ಕಳು ಇದ್ದಲ್ಲೇ ಇರುತ್ತಾರೆ. ಯಾಕೆ ಹೀಗೆ ಎನ್ನುವುದನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಕೋರ್ಟ್ ಹೇಳಿದ್ದೇನು

ಈ ಪ್ರಕರಣ ಹಳೆಯದು. 2021ರ ಅಕ್ಟೋಬರ್ 28ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಎಷ್ಟು ಮಕ್ಕಳಿಗೆ ಎಷ್ಟು ವಿಶೇಷ ಶಿಕ್ಷಕರು ಬೇಕು ಎಂದು ಹೇಳಿತ್ತು. ಅದರ ನಂತರ 2022ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ಈ ಪ್ರಮಾಣವನ್ನು ಸೇರಿಸಿತು. 1ರಿಂದ 5ನೇ ತರಗತಿವರೆಗೆ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, 6ರಿಂದ 8ನೇ ತರಗತಿಗೆ 15 ಮಕ್ಕಳಿಗೆ ಒಬ್ಬರು. ರಾಜ್ಯಗಳು ಅಷ್ಟಕ್ಕೇ ಬಿಟ್ಟಿದ್ದರಿಂದ 2025ರಲ್ಲಿ ಕೋರ್ಟ್ ಗಡುವು ಹಾಕಬೇಕಾಯಿತು. ವರ್ಷಗಟ್ಟಲೆ ಗುತ್ತಿಗೆಯ ಮೇಲೆ ದುಡಿಯುತ್ತಿರುವ ಅರ್ಹ ಶಿಕ್ಷಕರನ್ನು ಪರಿಶೀಲಿಸಲು ರಾಜ್ಯಕ್ಕೊಂದು ಸಮಿತಿ ಮಾಡಿ ಎಂದೂ ಹೇಳಿತು.

ನಮ್ಮ ಕಡೆ ಈ ಕೆಲಸವನ್ನು ಈಗ ಮಾಡುತ್ತಿರುವವರು ಬಿಐಇಆರ್‌ಟಿ, ಅಂದರೆ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಇರುತ್ತಾರೆ. ಅವರ ವ್ಯಾಪ್ತಿಗೆ ಹತ್ತಾರು ಶಾಲೆಗಳು ಬರುತ್ತವೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೂ ಹೋಗಿ ಕಲಿಸುತ್ತಾರೆ. ಆದೇಶ ಪೂರ್ತಿ ಜಾರಿಯಾದರೆ ಈ ಭಾರ ಹಗುರಾಗುತ್ತದೆ. ಅದು ದೊಡ್ಡ ಲಾಭವೇ, ಅದರಲ್ಲಿ ಅನುಮಾನವಿಲ್ಲ.

ಇಬ್ಬರ ಕೆಲಸ ಬೇರೆ ಬೇರೆ

ವಿಶೇಷ ಶಿಕ್ಷಕರು ವಿಶೇಷ ಶಿಕ್ಷಣದಲ್ಲಿ ಡಿ.ಎಡ್ ಅಥವಾ ಬಿ.ಎಡ್ ಮಾಡಿದವರು. ಪಾಠವನ್ನು ಮಗುವಿಗೆ ತಕ್ಕಂತೆ ಬದಲಿಸುವುದು, ಓದು-ಬರಹ-ಲೆಕ್ಕ ಕಲಿಸುವ ದಾರಿ ಹುಡುಕುವುದು, ತರಗತಿಯ ಶಿಕ್ಷಕರಿಗೆ ಹೇಳಿಕೊಡುವುದು ಅವರ ಕೆಲಸ. ಸ್ಪೀಚ್ ಥೆರಪಿಸ್ಟರದು ಬೇರೆಯೇ ಓದು. ಬಿಎಎಸ್‌ಎಲ್‌ಪಿ ಎಂಬ ಪದವಿ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಕಿವಿ ಹೇಗೆ ಕೇಳುತ್ತದೆ, ಗಂಟಲು-ನಾಲಿಗೆ-ತುಟಿ ಹೇಗೆ ಕೆಲಸ ಮಾಡುತ್ತವೆ, ಮಿದುಳು ಭಾಷೆಯನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನೆಲ್ಲ ಅದರಲ್ಲಿ ಕಲಿಯುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇಂಥವರನ್ನು ತಯಾರು ಮಾಡುತ್ತಿದೆ. ಇಬ್ಬರೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಗೊಂದಲ ಹುಟ್ಟುವುದು ಇಲ್ಲಿಂದಲೇ. ಪರಿಷತ್ತು ಒಂದೇ ಆದರೂ ನೋಂದಣಿಯ ವರ್ಗ ಬೇರೆ.

ಥೆರಪಿ ಅಂದರೆ ಸುಮ್ನೆ ಮಗುವನ್ನು ಮಾತಾಡಿಸುತ್ತ ಕೂರುವುದು ಎಂದು ಕೆಲವರು ತಿಳಿದಿದ್ದಾರೆ. ಒಂದು ಉದಾಹರಣೆ ನೋಡಿ. ಆರು ವರ್ಷದ ಮಗು ‘ಕ’ ಬದಲು ‘ತ’ ಅನ್ನುತ್ತದೆ. ‘ಕಾಯಿ’ ಅನ್ನಲು ಹೋಗಿ ‘ತಾಯಿ’ ಅನ್ನುತ್ತದೆ. ಥೆರಪಿಸ್ಟರು ಮೊದಲು ನೋಡುವುದು ಈ ಎರಡರ ವ್ಯತ್ಯಾಸ ಮಗುವಿನ ಕಿವಿಗೆ ಗೊತ್ತಾಗುತ್ತದೆಯೇ ಎಂದು. ತೆಂಗಿನಕಾಯಿಯ ಚಿತ್ರ ಒಂದು, ಅಮ್ಮನ ಚಿತ್ರ ಒಂದು ಇಟ್ಟು, ತಮ್ಮ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಒಂದು ಶಬ್ದ ಹೇಳುತ್ತಾರೆ. ಮಗು ಸರಿಯಾದ ಚಿತ್ರ ತೋರಿಸಬೇಕು. ಅದು ಸರಿ ಬಂದ ಮೇಲೆ ನಾಲಿಗೆಯ ಹಿಂಭಾಗ ಮೇಲೇಳುವಂತೆ ಮಾಡಿಸಿ ‘ಕ’ ಒಂದನ್ನೇ ಹೇಳಿಸುತ್ತಾರೆ. ಆಮೇಲೆ ‘ಕಾ’, ‘ಕೀ’. ಆಮೇಲೆ ‘ಕಾಯಿ’, ‘ಕೋಳಿ’. ಆಮೇಲೆ ವಾಕ್ಯ. ಕೊನೆಗೆ ಆಟದ ನಡುವೆ, ಗಮನ ಬೇರೆ ಕಡೆ ಇರುವಾಗಲೂ ‘ಕ’ ಬರುತ್ತದೆಯೇ ಎಂದು ನೋಡುತ್ತಾರೆ. ಈ ಕೊನೆಯ ಹಂತವೇ ಜಾಸ್ತಿ ದಿನ ತೆಗೆದುಕೊಳ್ಳುತ್ತದೆ. ರೂಮಿನಲ್ಲಿ ‘ಕಾಯಿ’ ಅಂದ ಮಗು ಹೊರಗೆ ಬಂದ ಕೂಡಲೇ ‘ತಾಯಿ’ ಅನ್ನುವುದು ಮಾಮೂಲು.

ಹಾಗಾಗಿ ವಾರಕ್ಕೊಮ್ಮೆ ಅರ್ಧ ತಾಸಿನ ಥೆರಪಿಯಿಂದ ಮಾತ್ರ ಏನೂ ಆಗುವುದಿಲ್ಲ. ಸಂಗೀತದ ಮೇಷ್ಟ್ರು ವಾರಕ್ಕೊಮ್ಮೆ ಹೇಳಿಕೊಟ್ಟದ್ದನ್ನು ಮನೆಯಲ್ಲಿ ದಿನಾ ರಿಯಾಜ್ ಮಾಡಿದರಷ್ಟೇ ಕೈಗೆ ಹತ್ತುವ ಹಾಗೆ, ಇದೂ ದಿನಾ ಹತ್ತು ನಿಮಿಷದ ಕೆಲಸ. ಮನೆಯವರು ಮತ್ತು ತರಗತಿಯ ಟೀಚರ್ ಜೊತೆಗೆ ನಿಂತರೆ ಥೆರಪಿ ಬೇಗ ಫಲ ಕೊಡುತ್ತದೆ. ಏನು ಅಭ್ಯಾಸ ಮಾಡಿಸಬೇಕು, ಯಾವಾಗ ಮುಂದಿನ ಹಂತಕ್ಕೆ ಹೋಗಬೇಕು ಎಂದು ನಿರ್ಧರಿಸಲು ಮಾತ್ರ ತರಬೇತಾದ ವ್ಯಕ್ತಿಯೇ ಬೇಕು.

ಮೊದಲು ಕಿವಿ

ಮಾತಿನ ತೊಂದರೆ ಅಂದ ಕೂಡಲೇ ನಮ್ಮಲ್ಲಿ ಕಣ್ಣು ಹೋಗುವುದು ನಾಲಿಗೆಯ ಕಡೆ. ಬಜೆ ತೇಯ್ದು ನೆಕ್ಕಿಸುತ್ತಾರೆ. ನಾಲಿಗೆ ಕೆಳಗಿನ ಪೊರೆ ಕತ್ತರಿಸಿದರೆ ಮಾತು ಬರುತ್ತದೆ ಅನ್ನುವವರಿದ್ದಾರೆ. ‘ಅವರಪ್ಪನೂ ತಡಾ ಮಾಡಿನ ಮಾತಾಡ್ಯಾನ, ಬಿಡ್ರಿ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಇದರಲ್ಲಿ ವರ್ಷಗಳು ಹೋಗುತ್ತವೆ. ನೋಡಬೇಕಾದ ಮೊದಲ ಜಾಗ ಕಿವಿ.

ಪೂರ್ತಿ ಕಿವುಡು ಇರುವ ಮಗು ಮನೆಯವರ ಗಮನಕ್ಕೆ ಬಂದೇ ಬರುತ್ತದೆ. ತಪ್ಪಿಸಿಕೊಳ್ಳುವುದು ಅರೆಬರೆ ಕೇಳುವ ಮಗು. ಕಿವಿ ಸೋರುವುದು, ಕಿವಿಯೊಳಗೆ ನೀರು ನಿಲ್ಲುವುದು, ಪದೇ ಪದೇ ನೆಗಡಿಯಿಂದ ಕಿವಿ ಕಟ್ಟುವುದು ಮಕ್ಕಳಲ್ಲಿ ತುಂಬಾ ಸಾಮಾನ್ಯ. ಇಂಥ ಮಗು ಕರೆದರೆ ತಿರುಗಿ ನೋಡುತ್ತದೆ, ಟಿವಿ ಕೇಳುತ್ತದೆ. ಹಾಗಾಗಿ ಕಿವಿ ಸರಿಯಿದೆ ಅಂದುಕೊಳ್ಳುತ್ತೇವೆ. ಸ್ವರಗಳ ದನಿ ಜೋರು, ಅವು ಕೇಳುತ್ತವೆ. ‘ಸ’, ‘ತ’, ‘ಕ’ ಥರದ ಮೆಲು ಶಬ್ದಗಳು, ಪದದ ಕೊನೆಯ ಭಾಗ ಜಾರಿಹೋಗುತ್ತವೆ.

ಕನ್ನಡದಲ್ಲಿ ಇದು ದೊಡ್ಡ ನಷ್ಟ. ನಮ್ಮ ಭಾಷೆಯ ವ್ಯಾಕರಣವೆಲ್ಲ ಪದದ ಬಾಲದಲ್ಲಿದೆ. ಮನೆಗೆ, ಮನೆಯಲ್ಲಿ, ಮನೆಯಿಂದ. ನಮ್ಮ ಕಡೆಯ ಮಾತಿನಲ್ಲಿ ಬಂದಾನ, ಬಂದಾಳ, ಬಂದಾರ. ಬಂದದ್ದು ಅಣ್ಣನೋ ಅಕ್ಕನೋ ಎನ್ನುವುದು ಆ ಒಂದು ಅಕ್ಷರದಲ್ಲೇ ಇದೆ. ಅದು ಕೇಳದ ಮಗು ಅದನ್ನು ಬಳಸಲು ಕಲಿಯುವುದಿಲ್ಲ. ಒಂದನೇ ತರಗತಿಯಲ್ಲಿ ಟೀಚರ್ ‘ಪುಸ್ತಕದಾಗ ಬರಿ’ ಅಂದದ್ದೂ ‘ಪುಸ್ತಕದಾಗಿಂದು ಬರಿ’ ಅಂದದ್ದೂ ಅದಕ್ಕೆ ಒಂದೇ. ಕೊನೆಗೆ ದಡ್ಡ ಅನ್ನಿಸಿಕೊಳ್ಳುತ್ತದೆ. ಇದರ ಮೂಲ ಕಿವಿಯಲ್ಲಿದ್ದರೆ, ಔಷಧಿಯಿಂದಲೋ ಸಣ್ಣ ಶಸ್ತ್ರಚಿಕಿತ್ಸೆಯಿಂದಲೋ ಸರಿಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಕಿವಿ ನೋಡದೆ ಥೆರಪಿ ಶುರು ಮಾಡಿದರೆ ಆರು ತಿಂಗಳು ವ್ಯರ್ಥವಾಗಬಹುದು.

ಆರು ವರ್ಷದ ಗಡಿ

ಆರೋಗ್ಯ ಇಲಾಖೆಯ ಕಡೆಯಿಂದ ಒಂದು ಒಳ್ಳೆಯ ವ್ಯವಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದರ ಗುರಿ. ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ಸೀಳುತುಟಿ, ಹುಟ್ಟು ಕಿವುಡುತನ, ಮಾತು ತಡವಾಗುವುದು, ಕಲಿಕೆಯ ತೊಂದರೆ ಎಲ್ಲವೂ ಅದರ ಪಟ್ಟಿಯಲ್ಲಿವೆ.

ತೊಂದರೆ ಕಂಡ ಮಗುವನ್ನು ಎಲ್ಲಿಗೆ ಕಳಿಸುವುದು? ಅದಕ್ಕಾಗಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ, ತೊಂದರೆಯನ್ನು ಬೇಗ ಗುರುತಿಸಿ ಆರೈಕೆ ಕೊಡುವ ಕೇಂದ್ರ ಇರಬೇಕೆಂಬ ಯೋಜನೆ ಇದೆ. ಅದರ ಸಿಬ್ಬಂದಿ ಪಟ್ಟಿಯಲ್ಲಿ ಸ್ಪೀಚ್ ಥೆರಪಿಸ್ಟ್ ಹುದ್ದೆಯೂ ಇದೆ. ಆದರೆ ಮಾರ್ಗಸೂಚಿಯ ಒಂದು ಸಾಲನ್ನು ಗಮನಿಸಬೇಕು. ಆರು ವರ್ಷದೊಳಗಿನ ಮಕ್ಕಳ ಆರೈಕೆ ಈ ಕೇಂದ್ರದ ಮುಖ್ಯ ಕೆಲಸ. ಆರರಿಂದ ಹದಿನೆಂಟರವರನ್ನು ಈಗಾಗಲೇ ಇರುವ ಸರ್ಕಾರಿ ಆಸ್ಪತ್ರೆಗಳು ನೋಡಿಕೊಳ್ಳಬೇಕು, ಡಿಇಐಸಿ ಅವರಿಗೆ ಕೊಂಡಿಯಾಗಿರಬೇಕು.

ಇದರ ಹಿಂದೆ ಕಾರಣವಿದೆ. ಮೊದಲ ಆರು ವರ್ಷದಲ್ಲಿ ಮಿದುಳು ಭಾಷೆಯನ್ನು ಬೇಗ ಹಿಡಿಯುತ್ತದೆ. ಇರುವ ಕಡಿಮೆ ಸಿಬ್ಬಂದಿಯನ್ನು ಅಲ್ಲೇ ತೊಡಗಿಸುವುದು ಸರಿಯಾದ ಯೋಚನೆ. ತೊಡಕು ಏನೆಂದರೆ, ನಮ್ಮ ಹಳ್ಳಿಗಳಲ್ಲಿ ಮಾತಿನ ತೊಂದರೆ ಹೆಚ್ಚಾಗಿ ಬೆಳಕಿಗೆ ಬರುವುದೇ ಮಗು ಶಾಲೆಗೆ ಸೇರಿದ ಮೇಲೆ. ಮನೆಯಲ್ಲಿ ಅಜ್ಜಿಗೆ, ಅವ್ವಗೆ ಮಗುವಿನ ಅರ್ಧ ಮಾತೂ ಅರ್ಥವಾಗುತ್ತದೆ. ಟೀಚರಿಗೆ ಆಗುವುದಿಲ್ಲ. ಓದು ಶುರುವಾದಾಗ ಭಾಷೆಯ ಕೊರತೆ ಎದ್ದು ಕಾಣುತ್ತದೆ. ಆ ಹೊತ್ತಿಗೆ ಮಗುವಿಗೆ ಆರು ತುಂಬಿರುತ್ತದೆ.

ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಆರೋಗ್ಯ ಇಲಾಖೆ ಇದು ಕಲಿಕೆಯ ವಿಷಯ ಎನ್ನಬಹುದು. ಶಿಕ್ಷಣ ಇಲಾಖೆ ಇದು ಆಸ್ಪತ್ರೆಯ ವಿಷಯ ಎನ್ನಬಹುದು. ಎರಡರಲ್ಲೂ ಸುಳ್ಳಿಲ್ಲ. ಪಾಲಕರು ಮಾತ್ರ ನಡುವೆ ನಿಲ್ಲುತ್ತಾರೆ.

ಶೇಕಡಾ 40ರ ಬಾಗಿಲು

ಮುಂದಿನ ಅಡ್ಡಿ ಅಂಗವೈಕಲ್ಯ ಪ್ರಮಾಣಪತ್ರದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಮಾತು ಮತ್ತು ಭಾಷೆಯ ವೈಕಲ್ಯವೂ ಅದರಲ್ಲೊಂದು. ಇಷ್ಟು ಕೇಳಿ ಪಾಲಕರಿಗೆ ಧೈರ್ಯ ಬರುತ್ತದೆ. ಕಾಯ್ದೆ ಕೊಟ್ಟ ವಿವರಣೆ ಓದಿದರೆ ವಿಷಯ ಬೇರೆಯೇ ಇದೆ. ಅದು ಶಾಶ್ವತವಾಗಿರಬೇಕು. ದೇಹದ ಭಾಗದಲ್ಲೋ ನರದಲ್ಲೋ ಕಾರಣವಿರಬೇಕು. ಅದು ಕೊಡುವ ಉದಾಹರಣೆಗಳು ಧ್ವನಿಪೆಟ್ಟಿಗೆ ತೆಗೆದುಹಾಕಿದ್ದು, ಮಿದುಳಿಗೆ ಪೆಟ್ಟಾಗಿ ಮಾತು ಹೋದದ್ದು. ಇವು ಹೆಚ್ಚಾಗಿ ದೊಡ್ಡವರಲ್ಲಿ ಕಾಣುವ ಸ್ಥಿತಿಗಳು.

ಉಗ್ಗುವ ಎಂಟು ವರ್ಷದ ಹುಡುಗ ಇದರೊಳಗೆ ಸುಲಭವಾಗಿ ಹೊಂದುವುದಿಲ್ಲ. ‘ರ’ ಬಾರದ ಹುಡುಗಿ ಇನ್ನೂ ಹೊಂದುವುದಿಲ್ಲ. ಕಿವಿಯ ಅಳತೆಯೂ ಹಾಗೇ. ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ದಾಟಿದರೆ ಕಿವುಡು. 35 ಡೆಸಿಬಲ್ ನಷ್ಟದಿಂದ ಅರ್ಧ ಪಾಠ ತಪ್ಪಿಸಿಕೊಳ್ಳುವ ಮಗು ಈ ಅಳತೆಯ ಹೊರಗೆ ಉಳಿಯುತ್ತದೆ.

ವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಹೆಚ್ಚು ಇದ್ದರೆ ಮಾತ್ರ ಹಲವು ಸೌಲಭ್ಯಗಳು ಸಿಗುತ್ತವೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ವಿಶೇಷ ಹಕ್ಕು ಕೂಡ ಆ ಗೆರೆಯ ಮೇಲಿನವರಿಗೆ. 2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿದ ಮೇಲೆ ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಬಣ್ಣಗಳು ಬಂದಿವೆ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡ್ ಕೈಗೆ ಬಂದರೂ ದೊಡ್ಡ ಸೌಲಭ್ಯ ಸಿಗುವುದಿಲ್ಲ ಎಂದು ತಿಳಿದಾಗ ಪಾಲಕರು ನಿರಾಶರಾಗುತ್ತಾರೆ.

ನನ್ನ ದೃಷ್ಟಿಯಲ್ಲಿ ಇಲ್ಲಿ ಒಂದು ಮೂಲಭೂತ ಹೊಂದಾಣಿಕೆಯ ಕೊರತೆ ಇದೆ. ಪ್ರಮಾಣಪತ್ರ ಇರುವುದು ಶಾಶ್ವತ ತೊಂದರೆಗೆ ಜೀವನವಿಡೀ ಆಸರೆ ಕೊಡಲು. ಥೆರಪಿ ಇರುವುದು ಸರಿಹೋಗಬಹುದಾದ ತೊಂದರೆಯನ್ನು ಬೇಗ ಸರಿಮಾಡಲು. ಎರಡನೆಯದಕ್ಕೂ ಮೊದಲನೆಯದರ ಬಾಗಿಲನ್ನೇ ಇಟ್ಟರೆ, ಯಾರಿಗೆ ಥೆರಪಿಯಿಂದ ಹೆಚ್ಚು ಲಾಭವಾಗುತ್ತದೋ ಅವರೇ ಹೊರಗೆ ಉಳಿಯುತ್ತಾರೆ.

‘ಐತಿ’ ಅನ್ನುವುದು ತೊಂದರೆಯಲ್ಲ

ಯಾರಿಗೆ ಥೆರಪಿ ಬೇಕು, ಯಾರಿಗೆ ಬೇಡ ಎಂಬುದನ್ನೂ ಬಿಡಿಸಿ ಹೇಳಬೇಕು. ಯಾಕೆಂದರೆ ಇಲ್ಲಿ ಎರಡೂ ಕಡೆ ತಪ್ಪಾಗುತ್ತದೆ.

ಮಗು ‘ಐತಿ’, ‘ಬ್ಯಾಡ’, ‘ಮಾಡಾಕತ್ತೀನಿ’ ಅಂದರೆ ಅದು ಧಾರವಾಡ ಸೀಮೆಯ ಕನ್ನಡ. ‘ಭಾಷೆ’ ಬದಲು ‘ಬಾಷೆ’, ‘ಧನ’ ಬದಲು ‘ದನ’ ಅನ್ನುವುದೂ ಮನೆಯ, ಓಣಿಯ ಮಾತು. ಊರಿನವರೆಲ್ಲ ಹಾಗೇ ಮಾತಾಡುವಾಗ ಮಗುವಿನ ನಾಲಿಗೆಯಲ್ಲಿ ದೋಷ ಹುಡುಕುವುದು ಅನ್ಯಾಯ. ಪುಸ್ತಕದ ಕನ್ನಡವನ್ನು ಶಾಲೆ ಕಲಿಸಬೇಕು, ಸರಿ. ಅದಕ್ಕೆ ಥೆರಪಿ ಬೇಡ.

ಎರಡು ಭಾಷೆಯ ಮನೆಗಳದ್ದು ಇನ್ನೊಂದು ಕಥೆ. ಹಳೇ ಹುಬ್ಬಳ್ಳಿಯಲ್ಲಿ ಉರ್ದು, ಧಾರವಾಡದಲ್ಲಿ ಮರಾಠಿ, ಗದಗ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿರುವ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಮೊದಲ ವರ್ಷ ಕನ್ನಡದಲ್ಲಿ ತಡವರಿಸುತ್ತಾರೆ. ಇದು ಕಲಿಕೆಯ ಸಹಜ ಹಂತ. ಮಗುವಿಗೆ ನಿಜವಾದ ಭಾಷೆಯ ತೊಂದರೆ ಇದ್ದರೆ ಅದು ಮನೆಮಾತಿನಲ್ಲೂ ಕಾಣುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ತಾಯಿಗೆ: ಮನೆಯಲ್ಲಿ, ನಿಮ್ಮ ಭಾಷೆಯಲ್ಲಿ, ಇದೇ ವಯಸ್ಸಿನ ಬೇರೆ ಮಕ್ಕಳ ಹಾಗೆ ಮಾತಾಡುತ್ತದೆಯೇ? ಇಲ್ಲ ಅಂದರೆ ಕಾಯಬಾರದು.

ಇಂಥ ಮಕ್ಕಳ ಪಾಲಕರಿಗೆ ಮನೆಮಾತು ಬಿಟ್ಟು ಕನ್ನಡವನ್ನೋ ಇಂಗ್ಲಿಷನ್ನೋ ಮಾತ್ರ ಮಾತಾಡಿ ಎಂಬ ಸಲಹೆ ಕೊಡುವವರು ಈಗಲೂ ಇದ್ದಾರೆ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡದ್ದು. ತಾಯಿ ತನಗೆ ಬಾರದ ಭಾಷೆಯಲ್ಲಿ ಮಾತಾಡಲು ಹೋದರೆ ಮಾತೇ ಕಡಿಮೆಯಾಗುತ್ತದೆ. ಮಗುವಿಗೆ ಸಿಗುವ ಭಾಷೆಯೂ ಬಡವಾಗುತ್ತದೆ.

ಇನ್ನು ಸುಮ್ಮನೆ ಬಿಟ್ಟುಬಿಡುವ ತಪ್ಪು. ಇಂಗ್ಲೆಂಡಿನಲ್ಲಿ ಶಾಲೆಗೆ ಸೇರುವ ವಯಸ್ಸಿನ ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬೇರೆ ಯಾವ ಕಾರಣವೂ ಕಾಣದೆ ಭಾಷೆಯ ತೊಂದರೆ ಇದ್ದ ಮಕ್ಕಳು ಸುಮಾರು ಶೇಕಡಾ 7ರಷ್ಟು. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು. ಅದನ್ನು ಹಾಗೇ ಹಾವೇರಿ, ಗದಗಕ್ಕೆ ಅನ್ವಯಿಸಲಾಗದು. ಆದರೆ ಇದು ಅಪರೂಪದ ತೊಂದರೆ ಅಲ್ಲ ಎನ್ನಲು ಅಷ್ಟು ಸಾಕು. ಇಂಥ ಮಕ್ಕಳ ಉಚ್ಚಾರ ಸ್ಪಷ್ಟವಾಗಿಯೇ ಇರಬಹುದು. ಆದರೆ ಪದಗಳು ಕಡಿಮೆ, ವಾಕ್ಯ ಗಿಡ್ಡ, ಕಥೆ ಹೇಳು ಅಂದರೆ ದಾರಿ ತಪ್ಪುತ್ತದೆ. ಮುಂದೆ ಓದಿದ್ದು ಅರ್ಥವಾಗುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಓದಿನಲ್ಲಿ ಹಿಂದೆ ಬಿದ್ದ ಮಗುವಿನ ತೊಂದರೆ ಮೂರು ವರ್ಷ ಹಿಂದೆ ಮಾತಿನಲ್ಲೇ ಇತ್ತು ಎಂದು ಯಾರೂ ಜೋಡಿಸಿ ನೋಡುವುದಿಲ್ಲ.

ಉಗ್ಗಿನ ವಿಷಯದಲ್ಲಿ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡರಿಂದ ಐದು ವರ್ಷದ ನಡುವೆ ಶುರುವಾಗುವ ಉಗ್ಗು ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಹೋಗುತ್ತದೆ. ಶಾಲೆಗೆ ಬಂದ ಮೇಲೂ, ಒಂದು ವರ್ಷಕ್ಕಿಂತ ಜಾಸ್ತಿ ಉಳಿದರೆ ತಾನಾಗೇ ಹೋಗುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ. ಉಳಿಯುವುದು ಹುಡುಗರಲ್ಲಿ ಹೆಚ್ಚು.

ಥೆರಪಿ ಎಲ್ಲಿ ಸಿಗಬೇಕು

ಈ ಬಗ್ಗೆ ಮೂರ್ನಾಲ್ಕು ನಿಲುವುಗಳಿವೆ. ಪ್ರತಿಯೊಂದರಲ್ಲೂ ತಿರುಳಿದೆ.

ಆಸ್ಪತ್ರೆಯಲ್ಲೇ ಇರಲಿ ಎನ್ನುವವರ ವಾದ: ಕಿವಿ ಪರೀಕ್ಷೆಯ ಯಂತ್ರ, ಇಎನ್‌ಟಿ ವೈದ್ಯರು, ಮಕ್ಕಳ ವೈದ್ಯರು ಒಂದೇ ಕಡೆ ಇರುತ್ತಾರೆ. ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಕೆಎಂಸಿಆರ್‌ಐ ಇದೆ. ಗದಗದಲ್ಲಿ, ಹಾವೇರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಕಲಿಕೆ ಮತ್ತು ಬೆಳವಣಿಗೆಯ ತೊಂದರೆ ನೋಡಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಪರೀಕ್ಷೆಯ ಮಟ್ಟಿಗೆ ಈ ವಾದ ಪೂರ್ತಿ ಸರಿ. ವಾರವಾರದ ಥೆರಪಿಗೆ ಇದು ನಡೆಯುವುದಿಲ್ಲ. ಶಕ್ತಿ ಯೋಜನೆಯಿಂದ 2023ರ ಜೂನ್ ನಂತರ ತಾಯಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಕೂಲಿಯ ಚಿಂತೆ ತಪ್ಪಿಲ್ಲ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ವರ್ಷಕ್ಕೆ 40 ವಾರ ಒಂದೊಂದು ದಿನ ಕೆಲಸ ಬಿಟ್ಟರೆ 14,800 ರೂಪಾಯಿ ಹೋಯಿತು. ಮಗುವಿಗೆ 40 ದಿನ ಶಾಲೆ ತಪ್ಪಿತು. ನಾಲ್ಕೈದು ಸಲ ಬಂದು ಬಿಟ್ಟುಬಿಡುವ ಪಾಲಕರಿಗೆ ಆಸಕ್ತಿ ಇಲ್ಲ ಎಂದು ದೂರುವ ಮೊದಲು ಈ ಲೆಕ್ಕ ನೋಡಬೇಕು.

ಶಿಕ್ಷಕರಿಗೇ ತರಬೇತಿ ಕೊಡಿ ಎನ್ನುವುದು ಎರಡನೇ ನಿಲುವು. ಅಗ್ಗ, ಎಲ್ಲ ಹಳ್ಳಿಗೂ ತಲುಪುತ್ತದೆ. ಥೆರಪಿಸ್ಟರು ಇದನ್ನು ಒಪ್ಪುವುದಿಲ್ಲ. ಎರಡು ದಿನದ ತರಬೇತಿಯಿಂದ ನಾಲ್ಕು ವರ್ಷದ ಓದಿನ ಕೆಲಸ ಆಗುವುದಿಲ್ಲ, ತಪ್ಪು ಅಭ್ಯಾಸ ಮಾಡಿಸಿದರೆ ಉಗ್ಗು ಇನ್ನೂ ಬಿಗಿಯಾಗಬಹುದು ಎನ್ನುತ್ತಾರೆ. ಅವರ ಆತಂಕ ನ್ಯಾಯವೇ. ಶಿಕ್ಷಕರ ತಲೆಯ ಮೇಲೆ ಈಗಾಗಲೇ ಬಿಸಿಯೂಟದಿಂದ ಹಿಡಿದು ಗಣತಿಯವರೆಗೆ ಹೊರೆ ಇದೆ ಎಂಬುದೂ ನಿಜ.

ಆನ್‌ಲೈನ್ ಥೆರಪಿ ಮೂರನೆಯದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಈ ದಾರಿಯಲ್ಲಿ ಕೆಲಸ ಮಾಡುತ್ತಿದೆ. ದೊಡ್ಡ ಮಕ್ಕಳಿಗೆ, ಉಗ್ಗಿಗೆ, ತಾಯಂದಿರಿಗೆ ಹೇಳಿಕೊಡುವುದಕ್ಕೆ ಇದು ಒಳ್ಳೆಯದು. ಹಳೆಯ ಫೋನು, ಬಂದು ಹೋಗುವ ನೆಟ್‌ವರ್ಕ್ ಇರುವಲ್ಲಿ ‘ಸ’ ಮತ್ತು ‘ಶ’ ವ್ಯತ್ಯಾಸವೇ ಕೇಳುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತು ಮಗುವನ್ನು ಹಿಡಿದಿಡಲೇಬೇಕು.

ಬ್ಲಾಕ್ ಮಟ್ಟದಲ್ಲಿ, ಬಿಆರ್‌ಸಿಯಲ್ಲಿ ಥೆರಪಿಸ್ಟರು ನಿಗದಿತ ದಿನ ಸಿಗಬೇಕು ಎನ್ನುವುದು ನಾಲ್ಕನೆಯದು. ನನಗೆ ಇದೇ ಸರಿ ಅನ್ನಿಸುತ್ತದೆ. ಕಾರಣ ಸರಳ. ಕರ್ನಾಟಕದಲ್ಲಿ ವಿಶೇಷ ಅಗತ್ಯದ ಮಕ್ಕಳನ್ನು ಶಾಲೆಗೆ ತಯಾರು ಮಾಡುವ ಶಾಲಾ ಸಿದ್ಧತಾ ಕೇಂದ್ರಗಳು ಈಗಾಗಲೇ ಬಿಆರ್‌ಸಿ ಮಟ್ಟದಲ್ಲಿ ನಡೆಯುತ್ತಿವೆ. ಜಾಗವಿದೆ. ವಿಶೇಷ ಶಿಕ್ಷಕರು ಅಲ್ಲೇ ಇರುತ್ತಾರೆ. ಒಬ್ಬ ಥೆರಪಿಸ್ಟ್ ವಾರದ ಐದು ದಿನ ಐದು ತಾಲ್ಲೂಕು ಸುತ್ತಿದರೂ, ಒಂದೊಂದು ಕಡೆ ವಾರಕ್ಕೊಂದು ದಿನ ಸಿಕ್ಕಂತಾಗುತ್ತದೆ. ಥೆರಪಿಸ್ಟರು ಅಭ್ಯಾಸ ಬರೆದುಕೊಟ್ಟರೆ ವಿಶೇಷ ಶಿಕ್ಷಕರು ಶಾಲೆ ಭೇಟಿಯಲ್ಲಿ ಅದನ್ನು ಮುಂದುವರಿಸಬಹುದು. ಕೋರ್ಟ್ ಆದೇಶದ ಹೊಸ ಶಿಕ್ಷಕರಿಂದ ಮಾತಿನ ತೊಂದರೆಯ ಮಕ್ಕಳಿಗೆ ಲಾಭವಾಗುವುದು ಹೀಗೆ ಜೋಡಿಸಿದಾಗ.

ದುಡ್ಡೆಲ್ಲಿ ಎಂದು ಇಲಾಖೆ ಕೇಳುವುದೂ ಸಹಜ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ. ಅದನ್ನು ಪೂರ್ತಿ ಥೆರಪಿಗೇ ಹಾಕಿದರೂ 40 ವಾರಕ್ಕೆ ಭಾಗಿಸಿದರೆ ವಾರಕ್ಕೆ 87 ರೂಪಾಯಿ 50 ಪೈಸೆ. ಶ್ರವಣ ಸಾಧನ, ಗಾಲಿಕುರ್ಚಿ, ಕಲಿಕಾ ಸಾಮಗ್ರಿ ಎಲ್ಲದಕ್ಕೂ ಇದೇ ಬಾಬಿನಿಂದ ತೆಗೆಯಬೇಕು. ಒಂದೊಂದು ಮಗುವಿಗೆ ಬಿಡಿಬಿಡಿಯಾಗಿ ಇದು ಸಾಲದು. ಬ್ಲಾಕಿನ ಎಲ್ಲ ಮಕ್ಕಳನ್ನು ಒಟ್ಟು ಸೇರಿಸಿ, ಆರೋಗ್ಯ ಇಲಾಖೆಯ ಥೆರಪಿಸ್ಟರನ್ನೂ ಹಂಚಿಕೊಂಡರೆ ದಾರಿ ಕಾಣುತ್ತದೆ.

ಲೆಕ್ಕಕ್ಕೇ ಬರದ ಮಗು

ಒಟ್ಟು ಸೇರಿಸಬೇಕಾದರೆ ಮಕ್ಕಳು ಲೆಕ್ಕದಲ್ಲಿರಬೇಕು. ತೊಡಕಿನ ಗಂಟು ಇರುವುದು ಇಲ್ಲೇ.

ಪ್ರತಿ ಶಾಲೆಯೂ ಯುಡೈಸ್ ಪ್ಲಸ್ ಎಂಬ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ ತುಂಬುತ್ತದೆ. ವಿಶೇಷ ಅಗತ್ಯವಿದ್ದರೆ ಅದನ್ನೂ ನಮೂದಿಸಬೇಕು. ಆ ಸಂಖ್ಯೆಯ ಮೇಲೆ ಹಣ, ಆ ಸಂಖ್ಯೆಯ ಮೇಲೆ ಹುದ್ದೆ. 10 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಅಂದರೂ ಆ 10 ಮಕ್ಕಳು ದಾಖಲೆಯಲ್ಲಿ ಕಾಣಬೇಕಲ್ವಾ? ಮಗುವಿನ ಹೆಸರಿನ ಮುಂದೆ ಹಾಗೆ ಬರೆಯುವುದು ಬೇಡ ಎಂದು ಪಾಲಕರು ಹೆದರುತ್ತಾರೆ. ಹೆಣ್ಣುಮಗುವಾದರೆ ಮದುವೆಯ ಚಿಂತೆಯೂ ಈಗಲೇ ಸೇರಿಕೊಳ್ಳುತ್ತದೆ. ಪ್ರಮಾಣಪತ್ರವಿಲ್ಲದೆ ಬರೆಯಲು ಟೀಚರ್ ಹಿಂಜರಿಯುತ್ತಾರೆ. ಸಂಖ್ಯೆ ಕಡಿಮೆ ಕಾಣುತ್ತದೆ. ಬೇಡಿಕೆಯೇ ಇಲ್ಲ ಎಂದು ಥೆರಪಿಸ್ಟರ ಹುದ್ದೆ ಮುಂದಕ್ಕೆ ಹೋಗುತ್ತದೆ. ಥೆರಪಿಯೇ ಸಿಗದ ಮೇಲೆ ಹೆಸರು ಬರೆಸಿ ಏನು ಉಪಯೋಗ ಎಂದು ಪಾಲಕರು ಕೇಳುತ್ತಾರೆ. ಸುತ್ತು ಅಲ್ಲಿಗೆ ಪೂರ್ತಿಯಾಗುತ್ತದೆ.

ಇದನ್ನು ಮುರಿಯುವ ಹೊಣೆ ಪಾಲಕರದ್ದಲ್ಲ, ಸರ್ಕಾರದ್ದು. ವಿಕಲಚೇತನರ ಕಾಯ್ದೆಯ 17ನೇ ಕಲಮು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಿ, ಅವರಿಗೆ ಏನು ಬೇಕು ಎಂದು ಗುರುತಿಸಲು ಹೇಳುತ್ತದೆ. ಆ ಸಮೀಕ್ಷೆಯಲ್ಲಿ ಪ್ರಮಾಣಪತ್ರ ಇದೆಯೇ ಎಂದು ಕೇಳುವುದಕ್ಕಿಂತ ಮಾತು ಅರ್ಥವಾಗುತ್ತದೆಯೇ, ಕಿವಿ ಕೇಳುತ್ತದೆಯೇ ಎಂದು ಕೇಳಿದರೆ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ.

ಅಲ್ಲಿಯವರೆಗೆ ಶಾಲೆಯಲ್ಲಿ

ಕಾಯುವ ಹೊತ್ತಿನಲ್ಲೂ ಆಗುವ ಕೆಲಸಗಳಿವೆ. ಸಂಶಯವಿರುವ ಮಗುವಿನ ಹೆಸರನ್ನು ಮೊದಲೇ ಬರೆದಿಟ್ಟು ಬಾಲ ಸ್ವಾಸ್ಥ್ಯ ತಂಡ ಬಂದ ದಿನ ತೋರಿಸಿದರೆ ನೂರಾರು ಮಕ್ಕಳ ನಡುವೆ ಅದು ತಪ್ಪಿಹೋಗುವುದಿಲ್ಲ. ಕಿವಿ ಪರೀಕ್ಷೆಗೆ ಚೀಟಿ ಬರೆಸಿಕೊಳ್ಳಬೇಕು, ಬಾಯಿಮಾತು ಸಾಲದು. ಖಾಸಗಿ ಕ್ಲಿನಿಕ್ಕಿಗೆ ಹೋಗುವವರು ಥೆರಪಿಸ್ಟರ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ. ಇಷ್ಟು ವಾರದಲ್ಲಿ ಪೂರ್ತಿ ಗುಣ ಎಂದು ಭರವಸೆ ಕೊಡುವವರಿಂದ ದೂರ ಇರಬೇಕು.

ತರಗತಿಯಲ್ಲಿ ಅರೆಬರೆ ಕೇಳುವ ಮಗುವನ್ನು ಮುಂದಿನ ಸಾಲಿನಲ್ಲಿ, ಟೀಚರ್ ಮುಖ ಕಾಣುವಂತೆ ಕೂರಿಸಬೇಕು. ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ.

ಉಗ್ಗುವ ಮಗುವಿಗೆ ದಿನದ ಅತಿ ಕಷ್ಟದ ಹೊತ್ತು ಹಾಜರಿಯದ್ದೇ ಇರಬಹುದು. ಬೇರೆ ಮಾತಿನಲ್ಲಿ ಕಷ್ಟದ ಪದ ಬಂದರೆ ಇನ್ನೊಂದು ಪದ ಹಾಕಿ ತಪ್ಪಿಸಿಕೊಳ್ಳಬಹುದು. ‘ಎಸ್ ಟೀಚರ್’ ಅನ್ನಲು, ತನ್ನ ಹೆಸರು ಹೇಳಲು ಬೇರೆ ಪದವಿಲ್ಲ. ಹಿಂದಿನ ಹುಡುಗನ ಹೆಸರು ಬರುವ ಹೊತ್ತಿಗೇ ಗಂಟಲು ಬಿಗಿಯುತ್ತದೆ. ಇಡೀ ತರಗತಿಗೆ ಕೈ ಎತ್ತಿ ಹಾಜರಿ ಹೇಳುವ ರೂಢಿ ಮಾಡಿದರೆ ಆ ಮಗು ಒಂಟಿಯಾಗಿ ಎದ್ದು ಕಾಣುವುದಿಲ್ಲ. ಅದರ ಮಾತನ್ನು ನಾವು ಪೂರ್ತಿ ಮಾಡಬಾರದು, ‘ನಿಧಾನ ಹೇಳು’ ಎಂದು ಅವಸರದಲ್ಲಿ ತಿದ್ದಬಾರದು. ನಾವೇ ನಿಧಾನವಾಗಿ ಮಾತಾಡಿ, ಅದು ಮುಗಿಸುವವರೆಗೆ ಕಾಯಬೇಕು. ನಕ್ಕ ಮಕ್ಕಳಿಗೆ ಬೇರೆಯಾಗಿ ಕರೆದು ಹೇಳಬೇಕು. ಜೋರು ಓದುವ ಪಾಳಿ ಬಂದಾಗ ಇಬ್ಬರು ಕೂಡಿ ಓದಿಸಬಹುದು. ಇನ್ನೊಬ್ಬರ ದನಿಯ ಜೊತೆ ಓದುವಾಗ ಉಗ್ಗು ಬಹಳಷ್ಟು ಕಡಿಮೆಯಾಗುತ್ತದೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪಾಲಕರು ಎರಡು ವಿಷಯ ಬರಹದಲ್ಲಿ ಕೊಡಬಹುದು. ನಮ್ಮ ಶಾಲೆಯ ಇಷ್ಟು ಮಕ್ಕಳಿಗೆ ಕಿವಿ ಪರೀಕ್ಷೆ ಯಾವ ದಿನ, ಎಲ್ಲಿ? ನಮ್ಮ ಬಿಆರ್‌ಸಿಗೆ ಸ್ಪೀಚ್ ಥೆರಪಿಸ್ಟರು ವಾರದ ಯಾವ ದಿನ ಬರುತ್ತಾರೆ? ಠರಾವಿನ ಪ್ರತಿ ಬಿಇಒ ಕಚೇರಿಗೂ ಬಿಆರ್‌ಸಿಗೂ ಹೋಗಬೇಕು. ಸಮಗ್ರ ಶಿಕ್ಷಣದ ಮುಂದಿನ ವರ್ಷದ ಯೋಜನೆ ತಯಾರಾಗುವುದು ಹೊಸ ಆರ್ಥಿಕ ವರ್ಷ ಶುರುವಾಗುವ ಮೊದಲೇ. ಹಾಗಾಗಿ ಈ ಠರಾವುಗಳು ಡಿಸೆಂಬರ್ ಒಳಗೆ ತಲುಪಿದರೆ ಆ ಯೋಜನೆಯಲ್ಲಿ ಸೇರಿಸಿ ಎಂದು ಕೇಳಲು ಹೊತ್ತಿರುತ್ತದೆ.